ಬಾವಿಯ ನೀರು ನಲ್ಲಿಗೆ ಬಂದಾಗ

ಕರಾವಳಿಯ ಹಳೆಯ ಮನೆಗಳಲ್ಲಿ ಬಂದವರ ಮುಂದೆ ಮೊದಲು ಇಡುವುದು ಒಂದು ತುಂಡು ಬೆಲ್ಲ ಮತ್ತು ಒಂದು ತಂಬಿಗೆ ನೀರು. ಆ ನೀರು ಆಗ ತಾನೆ ಸೇದಿದುದಾದರೆ ಅತಿಥಿಗೆ ಸಂತೋಷ, ಮನೆಯವರಿಗೆ ಹೆಮ್ಮೆ. ಕುಂದಾಪುರದ ಕಡೆಯವರು ‘ಬಾಮಿ’ ಎಂದು ಕರೆಯುವ ತೆರೆದ ಬಾವಿ ಬೈಂದೂರಿನಿಂದ ಬ್ರಹ್ಮಾವರದವರೆಗೂ ಹಿತ್ತಿಲು ಹಿತ್ತಿಲುಗಳಲ್ಲಿ ಕಾಣಸಿಗುತ್ತದೆ. ತಮ್ಮ ಬಾವಿಯ ನೀರಿನಂಥ ನೀರು ಬೇರೆಲ್ಲೂ ಇಲ್ಲವೆಂಬುದು ಇಲ್ಲಿನ ಅನೇಕ ಮನೆಗಳವರ ನಂಬಿಕೆ. ಈ ನಂಬಿಕೆಯಲ್ಲಿ ನಿಜವೆಷ್ಟು, ಅಪಾಯವೆಷ್ಟು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನಿಜಾಂಶವು ಸಾಕಷ್ಟು ಉಂಟು. ಕೋಲಾರ, ಪಾವಗಡ ಮೊದಲಾದ ಕಡೆಗಳಲ್ಲಿ ಆಳದ ಬಂಡೆಗಳ ನಡುವೆ ಬಹುಕಾಲ ನಿಂತ ನೀರು ಅಲ್ಲಿನ ಖನಿಜಗಳನ್ನು ಕರಗಿಸಿಕೊಂಡು ಬರುತ್ತದೆ. ಅದರಲ್ಲಿ ಫ್ಲೋರೈಡ್ ಮಿತಿಮೀರಿ, ಹಲ್ಲುಗಳು ಕಂದುಗಟ್ಟಿದ, ಮೂಳೆಗಳು ಬಿಗಿದ ಜನರನ್ನು ಆ ಊರುಗಳಲ್ಲಿ ಕಾಣಬಹುದು. ನಮ್ಮ ಕರಾವಳಿಯ ಬಾವಿಗಳಲ್ಲಿ ಈ ತೊಂದರೆ ಅಪರೂಪ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುತ್ತದೆ. ಅದರ ಬಹುಭಾಗ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ. ಹೀಗೆ ಬಿದ್ದ ನೀರು ನೆಲಕ್ಕೆ ಇಳಿದು ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಬಾವಿಗೆ ಬಂದುಬಿಡುವುದರಿಂದ ಲವಣಗಳನ್ನು ಕರಗಿಸಿಕೊಳ್ಳಲು ಅದಕ್ಕೆ ಹೊತ್ತು ಸಾಲದು. ಆದುದರಿಂದಲೇ ಇಲ್ಲಿ ಸಾಬೂನು ಬೇಗ ನೊರೆಗಟ್ಟುತ್ತದೆ, ಬೇಳೆ ಬೇಗ ಬೇಯುತ್ತದೆ. ನಾವು ಸಿಹಿಯೆಂದು ಕರೆಯುವುದು ನೀರಿನ ಈ ಎಳೆತನವನ್ನು. ಆದರೆ ಎಳೆಯ ನೀರೆಂದರೆ ಮಣ್ಣಿನಲ್ಲಿ ಸೋಸಿಹೋಗಲು ಸಾಕಷ್ಟು ಕಾಲ ದೊರೆಯದ ನೀರೆಂದೂ ಅರ್ಥವಾಗುತ್ತದೆ. ಅಪಾಯವಿರುವುದು ಇಲ್ಲಿಯೇ.

ನೆಲದೊಳಗಿನ ಈ ಪ್ರಯಾಣವನ್ನು ಅರಿಯಲು ಮುರಕಲ್ಲಿನ ರಚನೆಯನ್ನು ಸ್ವಲ್ಪ ನೋಡಬೇಕು. ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ವರ್ಣಿಸಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟನು. ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನಿಂದ ನಮ್ಮ ಮನೆಗಳ ಗೋಡೆ ಎದ್ದಿದೆ, ಬಾವಿಗಳ ಕಟ್ಟೆಯೂ ಎದ್ದಿದೆ. ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಹುಳು ಕೊರೆದ ಮರದಂತೆ ಅದರ ತುಂಬ ರಂಧ್ರಗಳು, ಅಂಕುಡೊಂಕಾದ ಕೊಳವೆಗಳು ಕಾಣುತ್ತವೆ. ಬಿದ್ದ ಮಳೆಯು ಈ ಕೊಳವೆಗಳ ಮೂಲಕ ಬೇಗ ಕೆಳಗಿಳಿಯುತ್ತದೆ. ಅದರಡಿಯಲ್ಲಿ ನುಣುಪಾದ ಶೇಡಿಮಣ್ಣು ಇರುತ್ತದೆ. ಅಲ್ಲಿ ನೀರಿನ ನಡಿಗೆ ನಿಧಾನ. ಹೀಗಾಗಿ ನೀರು ಮುರಕಲ್ಲಿನೊಳಗೆ ತುಂಬಿ, ಬೆಟ್ಟಿನಿಂದ ಮಜಲಿಗೆ, ಮಜಲಿನಿಂದ ಬೈಲಿಗೆ ಅಡ್ಡಲಾಗಿ ಜರಿದು ಹೊಳೆ ಸೇರುತ್ತದೆ. ಇಷ್ಟು ಮಳೆ ಬಿದ್ದ ನಾಡಿನಲ್ಲಿ ಏಪ್ರಿಲ್ ಮೇ ತಿಂಗಳ ಹೊತ್ತಿಗೆ ಬಾವಿಗಳು ತಳ ಕಾಣುವುದಕ್ಕೆ ಇದೇ ಕಾರಣ. ಮುರಕಲ್ಲು ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟುಕೊಡುತ್ತದೆ.

ಮಳೆನೀರನ್ನು ಬರಗೊಡುವ ಕೊಳವೆಗಳು ಮತ್ತೊಂದನ್ನೂ ಬರಗೊಡುತ್ತವೆ. ಮನೆಯ ಹಿಂದೆ ಸಿಮೆಂಟಿನ ರಿಂಗುಗಳನ್ನು ಇಳಿಸಿ ಮಾಡಿದ ಪಾಯಿಖಾನೆಯ ಗುಂಡಿಯ ಕೆಲಸವೆಂದರೆ ದ್ರವವನ್ನು ಸುತ್ತಲ ನೆಲಕ್ಕೆ ಇಂಗಿಸುವುದು. ಗುಂಡಿಯ ತಳದಿಂದ ಅಂತರ್ಜಲದವರೆಗೆ ಒಣಮಣ್ಣಿನ ಒಂದು ದಪ್ಪ ಪದರವಿದ್ದರೆ ಇದರಿಂದ ಹೆಚ್ಚಿನ ಭಯವಿಲ್ಲ. ಆ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ, ಮಣ್ಣಿನ ಸಹಜ ಅಣುಜೀವಿಗಳಿರುತ್ತವೆ. ದ್ರವವು ತೆಳ್ಳಗೆ ಹರಡಿ ಮೆಲ್ಲಮೆಲ್ಲನೆ ಇಳಿಯುವಾಗ ರೋಗಾಣುಗಳು ಕಣಗಳಿಗೆ ಅಂಟಿ, ಹಸಿದು, ಇತರ ಜೀವಿಗಳಿಗೆ ಆಹಾರವಾಗಿ ನಾಶವಾಗುತ್ತವೆ. ಪ್ರಕೃತಿಯ ಈ ಸೋಸುಬಟ್ಟೆಗೆ ಸರಿಸಾಟಿಯಾದ ಯಂತ್ರ ದುರ್ಲಭ. ಆದರೆ ಮಳೆಗಾಲದಲ್ಲಿ ಏನಾಗುತ್ತದೆ? ಬೇಸಗೆಯಲ್ಲಿ ಹತ್ತಾರು ಅಡಿ ಕೆಳಗಿದ್ದ ನೀರು ಜುಲೈ ವೇಳೆಗೆ ಕೈಗೆಟಕುವಷ್ಟು ಮೇಲೆ ಬಂದಿರುತ್ತದೆ. ಬಾವಿಯಲ್ಲಿ ಏರಿದ ನೀರು ನೆಲದಲ್ಲಿಯೂ ಅಷ್ಟೇ ಏರಿರುತ್ತದಷ್ಟೆ. ಆಗ ಗುಂಡಿಯ ತಳವೇ ಅಂತರ್ಜಲದಲ್ಲಿ ಮುಳುಗುತ್ತದೆ. ನಡುವಿನ ಒಣಪದರ ಇಲ್ಲವಾಗುತ್ತದೆ. ಗುಂಡಿಯೂ ಬಾವಿಯೂ ಒಂದೇ ನೀರಿನಲ್ಲಿ ನಿಂತಂತಾಗುತ್ತದೆ. ಬಾವಿ ತುಂಬಿತೆಂದು ನಾವು ಸಂತೋಷಪಡುವ ದಿನಗಳೇ ಅತ್ಯಂತ ಎಚ್ಚರದಿಂದಿರಬೇಕಾದ ದಿನಗಳೆಂಬುದು ಹಲವರಿಗೆ ಹೊಳೆಯುವುದಿಲ್ಲ.

ಬಾವಿಗೂ ಗುಂಡಿಗೂ ಕನಿಷ್ಠ 15 ಮೀಟರು ಅಂತರವಿರಬೇಕೆಂದು ಆರೋಗ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಕೊಳವೆಗಳಿಂದ ತುಂಬಿದ ಮುರಕಲ್ಲಿನಲ್ಲಿ ಅದೂ ಸಾಲದೆ ಹೋಗಬಹುದು. ಅದು ಹಾಗಿರಲಿ, ಈ 15 ಮೀಟರು ನಮಗೆ ದೊರಕುತ್ತದೆಯೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಒಂದು ಸೆಂಟ್ಸ್ ಎಂದರೆ ಸುಮಾರು 40 ಚದರ ಮೀಟರು. ಐದು ಸೆಂಟ್ಸ್ ನಿವೇಶನ ಚೌಕಾಕಾರವಾಗಿದ್ದರೆ ಅದರ ಒಂದೊಂದು ಬದಿ ಸುಮಾರು 14 ಮೀಟರು. ಬಾವಿಯನ್ನು ಒಂದು ಮೂಲೆಯಲ್ಲಿ, ಗುಂಡಿಯನ್ನು ಅದಕ್ಕೆದುರಾದ ಮೂಲೆಯಲ್ಲಿ ತೋಡಿದರೆ ಮಾತ್ರ ನಿಯಮವನ್ನು ಪಾಲಿಸಲು ಸಾಧ್ಯ. ಆದರೆ ಆ ಮೂಲೆಯ ಆಚೆಗೆ ನೆರೆಯವರ ಬಾವಿ ಇರುತ್ತದೆ. ನಮ್ಮ ಬಾವಿಯ ಆಚೆಗೆ ಅವರ ಗುಂಡಿ ಇರುತ್ತದೆ. ಹಿಂದಿನ ಕಾಲದಲ್ಲಿ ಗದ್ದೆ ತೋಟಗಳ ನಡುವೆ ಮನೆಗಳು ದೂರ ದೂರ ಚೆದುರಿದ್ದವು. ಆಗಿನ ಬಾವಿಗಳು ಸುರಕ್ಷಿತವಾಗಿದ್ದುದಕ್ಕೆ ಬಹುಮಟ್ಟಿಗೆ ಈ ದೂರವೇ ಕಾರಣವಾಗಿತ್ತು. ಬಾವಿ ತೋಡುವ ಕ್ರಮ ಹಿಂದಿನದೇ ಆಗಿ ಉಳಿದಿದೆ, ದೂರ ಮಾತ್ರ ಉಳಿದಿಲ್ಲ.

ನೀರಿನ ರುಚಿಯನ್ನು ನಂಬಿ ಕೆಟ್ಟವರ ಕಥೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು ಲಂಡನ್ನಿನದು. 1854ರಲ್ಲಿ ಅಲ್ಲಿನ ಬ್ರಾಡ್ ಬೀದಿಯ ಸುತ್ತ ಕಾಲರಾ ಹರಡಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಹುಡುಕುತ್ತ ಹೋಗಿ, ಆ ಬೀದಿಯ ಬಾವಿಯ ಪಂಪಿನತ್ತ ಬೆರಳು ತೋರಿಸಿದನು. ಆ ಪಂಪಿನ ನೀರೆಂದರೆ ಸುತ್ತಲವರಿಗೆ ಬಲು ಮೆಚ್ಚು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಾಸವಾಗಿದ್ದ ಒಬ್ಬ ವಿಧವೆಯು ಅದರ ರುಚಿಯನ್ನು ಬಿಡಲಾರದೆ ಗಾಡಿಯಲ್ಲಿ ಸೀಸೆ ತುಂಬಿ ತರಿಸಿಕೊಳ್ಳುತ್ತಿದ್ದಳು. ಕಾಲರಾ ಇಲ್ಲದ ಆ ಬಡಾವಣೆಯಲ್ಲಿ ಆಕೆ ಕಾಲರಾದಿಂದಲೇ ಸತ್ತಳು. ಮುಂದಿನ ವರ್ಷ ನೆಲವನ್ನು ಅಗೆದು ನೋಡಿದಾಗ, ಬಾವಿಯಿಂದ ಮೂರು ಅಡಿಗಿಂತಲೂ ಕಡಿಮೆ ದೂರದಲ್ಲಿ ಒಂದು ಮನೆಯ ಮಲಗುಂಡಿಯು ಇಟ್ಟಿಗೆ ಸಡಿಲಗೊಂಡು ಸೋರುತ್ತಿದ್ದುದು ಕಂಡುಬಂದಿತು. ಕಣ್ಣಿಗೆ ತಿಳಿಯಾದ ಒಂದು ಲೋಟ ನೀರಿನಲ್ಲಿ ಲಕ್ಷಾಂತರ ರೋಗಾಣುಗಳು ಇರಬಹುದು. ನಾಲಗೆಗಾಗಲಿ ಮೂಗಿಗಾಗಲಿ ಅವುಗಳ ಸುಳಿವು ಸಿಗದು.

ಇಷ್ಟು ಹೊತ್ತು ನಾವು ಹೇಳಿದುದು ಒಂದು ಮನೆ, ಒಂದು ಬಾವಿಯ ಮಾತು. ಬಾವಿ ಕೆಟ್ಟರೆ ಆ ಮನೆಯವರು ಮಾತ್ರ ಮಲಗುತ್ತಾರೆ. ಪಂಚಾಯಿತಿಯು ಒಂದು ದೊಡ್ಡ ಬಾವಿಯನ್ನೋ ಕೊಳವೆಬಾವಿಯನ್ನೋ ತೋಡಿ, ನೀರನ್ನು ಎತ್ತರದ ತೊಟ್ಟಿಗೆ ಏರಿಸಿ, ಅಲ್ಲಿಂದ ಮನೆಮನೆಯ ನಲ್ಲಿಗೆ ಬಿಟ್ಟಾಗ ಪರಿಸ್ಥಿತಿ ಬೇರೆಯಾಗುತ್ತದೆ. ನಲ್ಲಿಯ ನೀರೆಂದರೆ ಶುದ್ಧಗೊಳಿಸಿದ ನೀರೆಂಬ ಭಾವನೆ ಜನರಲ್ಲಿ ಸಾಮಾನ್ಯ. ಕೊಳಾಯಿಗೆ ನೀರನ್ನು ಸಾಗಿಸುವ ಶಕ್ತಿ ಉಂಟೇ ಹೊರತು ಶುದ್ಧಗೊಳಿಸುವ ಶಕ್ತಿ ಇಲ್ಲ. ಅದು ಮಾಡುವುದೇನೆಂದರೆ ನೂರು ಮನೆಗಳ ಬಾಯಿಯನ್ನು ಒಂದೇ ಬಾವಿಗೆ ಇಡುವುದು.

2024ರ ಅಕ್ಟೋಬರ್ ತಿಂಗಳ ಮೊದಲಲ್ಲಿ ಬೈಂದೂರು ತಾಲ್ಲೂಕಿನ ಉಪ್ಪುಂದ ಗ್ರಾಮದಲ್ಲಿ ನೂರಾರು ಮಂದಿ ವಾಂತಿಭೇದಿಯಿಂದ ನರಳಿದರು. ಸಂಶಯವು ಹೋದುದು ತೊಟ್ಟಿಯಿಂದ ಮನೆಗಳಿಗೆ ಹರಿದ ನೀರಿನ ಮೇಲೆ. ಒಂದೆರಡು ದಿನಗಳೊಳಗೆ ಒಂದೇ ವಠಾರದ ಅಷ್ಟೊಂದು ಜನ ಒಟ್ಟಿಗೆ ಮಲಗಿದರೆ, ಅವರೆಲ್ಲರಿಗೂ ಸಮಾನವಾದ ವಸ್ತು ಯಾವುದೆಂದು ವೈದ್ಯರು ಮೊದಲು ಹುಡುಕುತ್ತಾರೆ. ಅದು ಮದುವೆಯ ಊಟವಲ್ಲದಿದ್ದರೆ ಬಹುತೇಕ ನೀರೇ ಆಗಿರುತ್ತದೆ. ಕಾಲವನ್ನೂ ಗಮನಿಸಬೇಕು. ಮಳೆ ಇನ್ನೂ ಪೂರ್ತಿ ಹಿಂದೆಗೆಯದ, ನೆಲ ನೀರು ಕುಡಿದು ತುಂಬಿ ನಿಂತ ಸಮಯ ಅದು.

ಸಣ್ಣ ಊರು, ಅಂತರ್ಜಲ, ಜಡಿಮಳೆ ಈ ಮೂರೂ ಸೇರಿದ ಮತ್ತೊಂದು ಘಟನೆಯನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಅದರ ತನಿಖೆ ನಡೆದಷ್ಟು ಕೂಲಂಕಷವಾಗಿ ಇಂಥ ಘಟನೆಗಳ ತನಿಖೆ ನಡೆದುದು ಕಡಿಮೆ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ವಾಕರ್ಟನ್ ಎಂಬುದು ಐದು ಸಾವಿರಕ್ಕೂ ಕಡಿಮೆ ಜನವಸತಿಯ ಒಂದು ಪಟ್ಟಣ. ನದಿನೀರಲ್ಲ, ಬಾವಿಗಳ ನೀರೇ ಅಲ್ಲಿನ ನಲ್ಲಿಗಳಿಗೆ ಆಧಾರವಾಗಿತ್ತು. ಅವುಗಳಲ್ಲಿ ಐದನೆಯ ಬಾವಿಯು ಬಿರುಕುಬಿಟ್ಟ ಬಂಡೆಯಲ್ಲಿ ಐದರಿಂದ ಎಂಟು ಮೀಟರಿನಷ್ಟು ಮೇಲಿನ ಪದರದಿಂದಲೇ ನೀರನ್ನು ಸೆಳೆಯುತ್ತಿತ್ತು. 2000ದ ಮೇ ತಿಂಗಳಲ್ಲಿ ಹಲವು ದಿನ ಭಾರಿ ಮಳೆ ಸುರಿಯಿತು. ಬಳಿಯ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಲ್ಲಿದ್ದ ಇ. ಕೋಲಿ ಎಂಬ ಅಣುಜೀವಿಯ ಒಂದು ಘೋರ ತಳಿಯು ಮಳೆನೀರಿನೊಡನೆ ಬಿರುಕುಗಳಲ್ಲಿ ಇಳಿದು ಬಾವಿಯನ್ನು ಸೇರಿತು. ಸುಮಾರು 2300 ಮಂದಿ ಕಾಯಿಲೆ ಬಿದ್ದರು, ಏಳು ಮಂದಿ ಸತ್ತರು. ಹಟ್ಟಿಯ ಪಕ್ಕದಲ್ಲೇ ಬಾವಿ ಇರುವ ನಮ್ಮ ಅನೇಕ ಮನೆಗಳನ್ನು ಇದು ನೆನಪಿಗೆ ತಾರದಿರದು. ಆದರೆ ತನಿಖೆಯು ಗೊಬ್ಬರ ಹಾಕಿದ ರೈತನನ್ನು ದೂರಲಿಲ್ಲ. ಅವನು ವಾಡಿಕೆಯ ಕ್ರಮವನ್ನೇ ಅನುಸರಿಸಿದ್ದನು. ತಪ್ಪಿದುದು ಬೇರೆಡೆ. ಆ ನೀರಿಗೆ ಕ್ಲೋರೀನನ್ನು ಬೆರೆಸುವ ಏರ್ಪಾಡು ಇತ್ತು. ಬೆರೆಸಿದುದರಲ್ಲಿ ಎಷ್ಟು ಉಳಿದಿದೆಯೆಂದು ದಿನವೂ ಅಳೆದು ಬರೆಯಬೇಕೆಂಬ ನಿಯಮವೂ ಇತ್ತು. ಅಳೆಯಬೇಕಾದವರು ಎಷ್ಟೋ ದಿನ ಅಳೆಯದೆ ಪುಸ್ತಕದಲ್ಲಿ ಕಲ್ಪಿತ ಅಂಕಿಗಳನ್ನು ತುಂಬುತ್ತಿದ್ದರು.

ಹಾಗಾದರೆ ಈ ‘ಉಳಿಕೆ’ ಎಂದರೇನು? ಇದನ್ನು ತಿಳಿಯದವರಿಗೆ ನಲ್ಲಿನೀರಿನ ಸುರಕ್ಷತೆಯ ವಿಚಾರ ಅರ್ಧವೂ ತಿಳಿದಂತಾಗದು. ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ಅದರ ಕ್ಲೋರೀನು ಮೊದಲು ನೀರಿನಲ್ಲಿರುವ ಕೊಳೆತ ಎಲೆಯ ಅಂಶ, ಕಬ್ಬಿಣ, ಕೆಸರು ಮುಂತಾದವುಗಳೊಡನೆ ಸೇರಿ ಖರ್ಚಾಗುತ್ತದೆ. ಈ ಬೇಡಿಕೆಯೆಲ್ಲ ತೀರಿದ ಮೇಲೆ ಮಿಕ್ಕಿದ್ದು ಉಳಿಕೆಯ ಕ್ಲೋರೀನು. ಅದೇ ನಮ್ಮ ಕಾವಲುಗಾರ. ಕೊಳಾಯಿಯ ದಾರಿಯಲ್ಲಿ ಹೊಸದಾಗಿ ರೋಗಾಣುಗಳು ನುಗ್ಗಿದರೆ ಅವುಗಳನ್ನು ಎದುರಿಸುವುದು ಅದೇ. ಭಾರತೀಯ ಮಾನಕದಂತೆ ಬಳಕೆದಾರನ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಇರಬೇಕು. ತೊಟ್ಟಿಯ ಬಳಿ ಅಳೆದು ತೃಪ್ತಿಪಟ್ಟರೆ ಸಾಲದು, ಸಾಲಿನ ಕೊನೆಯ ಮನೆಯ ನಲ್ಲಿಯಲ್ಲಿ ಅಳೆಯಬೇಕು. ಅಳೆಯುವುದೇನೂ ಕಷ್ಟವಲ್ಲ. ನೀರಿಗೆ ಒಂದು ಗುಳಿಗೆಯನ್ನೋ ಪುಡಿಯನ್ನೋ ಹಾಕಿದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣದ ಗಾಢತೆಯನ್ನು ಪಟ್ಟಿಯೊಡನೆ ಹೋಲಿಸಿದರಾಯಿತು. ಬಣ್ಣವೇ ಬಾರದಿದ್ದರೆ ಕಾವಲುಗಾರನಿಲ್ಲ.

ತಮ್ಮ ಬಾವಿಗೆ ತಾವೇ ಔಷಧ ಹಾಕಬಯಸುವವರಿಗಾಗಿ ಒಂದು ಲೆಕ್ಕ. ಬಾವಿಯ ಅಡ್ಡಳತೆ 3 ಮೀಟರು, ನೀರಿನ ಆಳ 3 ಮೀಟರು ಎಂದಿಟ್ಟುಕೊಳ್ಳಿರಿ. ಅಡ್ಡಳತೆಯ ವರ್ಗವನ್ನು ಆಳದಿಂದಲೂ 0.785ರಿಂದಲೂ ಗುಣಿಸಿದರೆ 21.2 ಘನಮೀಟರು, ಅಂದರೆ ಸುಮಾರು 21,200 ಲೀಟರು. ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಎರಡೂವರೆ ಗ್ರಾಂನಂತೆ ಒಟ್ಟು 53 ಗ್ರಾಂ ಬೇಕಾಗುತ್ತದೆ. ನೀರು ಕದಡಿದ್ದರೆ ಹೆಚ್ಚು ಬೇಕಾದೀತು. ಪುಡಿಯನ್ನು ನೇರವಾಗಿ ಬಾವಿಗೆ ಎರಚುವ ವಾಡಿಕೆ ಸರಿಯಲ್ಲ. ಬಕೆಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಮತ್ತಷ್ಟು ನೀರು ಸೇರಿಸಿ, ಸುಣ್ಣ ತಳಕ್ಕಿಳಿಯುವವರೆಗೆ ಹತ್ತು ನಿಮಿಷ ಬಿಡಬೇಕು. ಮೇಲಿನ ತಿಳಿಯನ್ನು ಬೇರೊಂದು ಬಕೆಟಿಗೆ ಬಗ್ಗಿಸಿಕೊಂಡು, ಅದನ್ನು ಹಗ್ಗದಿಂದ ಬಾವಿಗಿಳಿಸಿ, ಮೇಲಕ್ಕೂ ಕೆಳಕ್ಕೂ ಆಡಿಸಿ ನೀರನ್ನು ಚೆನ್ನಾಗಿ ಕಲಕಬೇಕು. ಆಮೇಲೆ ಒಂದು ಗಂಟೆಯವರೆಗೆ ಯಾರೂ ನೀರು ಸೇದಬಾರದು. ಆ ಬಳಿಕ ಅಳೆದಾಗ ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಇದ್ದರೆ ಕೆಲಸ ಸಫಲವಾದಂತೆ. ಇದನ್ನು ರಾತ್ರಿ ಮಾಡಿಟ್ಟರೆ ಮನೆಯ ಕೆಲಸಕ್ಕೆ ಅಡಚಣೆಯಾಗದು. ಪುಡಿ ‘ಒಳ್ಳೆಯದು’ ಆಗಿರಬೇಕೆಂದೆವು. ಹೊಸ ಪುಡಿಯಲ್ಲಿ ತೂಕದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಉಪಯುಕ್ತ ಕ್ಲೋರೀನು ಇರುತ್ತದೆ. ನಮ್ಮ ಕರಾವಳಿಯ ಮಳೆಗಾಲದ ತೇವದಲ್ಲಿ ಬಾಯಿ ತೆರೆದಿಟ್ಟ ಚೀಲದ ಪುಡಿಯು ಬೇಗ ಸತ್ವಹೀನವಾಗುತ್ತದೆ. ಕೊನೆಗೆ ಬರಿಯ ಸುಣ್ಣವನ್ನು ಹಾಕಿದಂತೆ.

ಔಷಧದ ವಾಸನೆ ಬರುತ್ತದೆಂದು ಮೂಗು ಮುರಿಯುವವರು ಬಹಳ. ಬಾವಿಯ ನೀರಿಗೆ ಒಗ್ಗಿದ ನಾಲಗೆಗೆ ಅದು ಹಿಡಿಸದಿರುವುದು ಸಹಜವೇ. ಆದರೆ ಈ ದೂರಿಗೆ ಅಂಜಿ ನೀರು ಬಿಡುವವನು ಪ್ರಮಾಣವನ್ನು ಇಳಿಸಿದನೆಂದರೆ, ವಾಸನೆಯೊಡನೆ ರಕ್ಷಣೆಯೂ ಹೋಯಿತು. ನೀರನ್ನು ಒಂದು ಪಾತ್ರೆಯಲ್ಲಿ ಹಿಡಿದು ಕೆಲವು ಗಂಟೆ ಮುಚ್ಚಿಟ್ಟರೆ ವಾಸನೆ ಬಹುಮಟ್ಟಿಗೆ ತಗ್ಗುತ್ತದೆ.

ಬೇಸಗೆಯಲ್ಲಿ ಬೇರೊಂದು ಅಪಾಯ. ನೀರು ಸಾಲದೆ ದಿನ ಬಿಟ್ಟು ದಿನ ಸರಬರಾಜು ಮಾಡುವಾಗ ಕೊಳಾಯಿಗಳು ಬಹುಹೊತ್ತು ಖಾಲಿಯಾಗಿರುತ್ತವೆ. ಒತ್ತಡವಿರುವಾಗ ಬಿರುಕಿನಿಂದ ನೀರು ಹೊರಕ್ಕೆ ಸೋರುತ್ತದೆ. ಒತ್ತಡವಿಲ್ಲದಾಗ ಅದೇ ಬಿರುಕು ಸುತ್ತಲಿನ ಚರಂಡಿಯ ನೀರನ್ನು ಒಳಕ್ಕೆ ಹೀರಬಲ್ಲುದು. ಕೆಲವು ಮನೆಗಳವರು ನಲ್ಲಿಗೆ ನೇರವಾಗಿ ಪಂಪನ್ನು ಜೋಡಿಸಿ ಎಳೆಯುವುದುಂಟು. ಅವರು ನೆರೆಯವರ ಪಾಲಿನ ನೀರನ್ನಷ್ಟೇ ಅಲ್ಲ, ಮೋರಿಯ ನೀರನ್ನೂ ತಮ್ಮ ಅಡುಗೆಮನೆಗೆ ಎಳೆಯುತ್ತಿರಬಹುದು. ಇದರಿಂದಾಗಿ, ಸರಬರಾಜು ಆರಂಭವಾದಾಗ ಬರುವ ಮೊದಲ ನೀರನ್ನು ಕುಡಿಯಲು ಹಿಡಿಯದೆ ಗಿಡಗಳಿಗೆ ಬಿಡುವುದು ಲೇಸು.

ಕಡಲ ಬದಿಯವರ ಚಿಂತೆ ಉಪ್ಪು. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ ಹೊಳೆ. ಎರಡೂ ಕಡೆ ಉಪ್ಪಿನ ಪ್ರಭಾವವಿರುವ ಇಂಥ ಮರಳುನೆಲದಲ್ಲಿಯೂ ಸಿಹಿನೀರು ದೊರೆಯುವುದು ಹೇಗೆ? ಸಿಹಿನೀರು ಉಪ್ಪುನೀರಿಗಿಂತ ಸ್ವಲ್ಪ ಹಗುರ. ಮಳೆಯಿಂದ ಇಂಗಿದ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ದೋಣಿಯಂತೆ ತೇಲುತ್ತದೆ. ಗಿಬೆನ್ ಮತ್ತು ಹೆರ್ಟ್ಸ್‌ಬರ್ಗ್ ಎಂಬಿಬ್ಬರು ಯೂರೋಪಿನ ಕಡಲತೀರಗಳಲ್ಲಿ ಕಂಡುಕೊಂಡಂತೆ, ಕಡಲಮಟ್ಟದಿಂದ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ ಮಟ್ಟದಿಂದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಪಂಪಿನಿಂದ ಎಳೆದೆಳೆದು ಮೇಲಿನ ಒಂದಡಿಯನ್ನು ಇಳಿಸಿದರೆ, ಕೆಳಗಿನ ಉಪ್ಪು 40 ಅಡಿ ಏರಿಬರಲು ಹವಣಿಸುತ್ತದೆ. ಕೋಡಿ, ಗಂಗೊಳ್ಳಿಗಳಂತಹ ತಾಣಗಳಲ್ಲಿ ಆಳಕ್ಕೆ ಕೊರೆದವನಿಗಿಂತ ಮೇಲೆಮೇಲೆ ಮೆಲ್ಲನೆ ಸೇದಿದವನು ಜಾಣ. ಹೊಳೆಗಳಿಗೆ ಕಟ್ಟುವ ಕಿಂಡಿ ಅಣೆಕಟ್ಟುಗಳು ಭರತದ ಉಪ್ಪನ್ನು ಮೇಲೇರದಂತೆ ತಡೆದು ದಡದ ಬಾವಿಗಳನ್ನು ಕಾಯುತ್ತವೆ. ಒಂದು ಸಮಾಧಾನವೆಂದರೆ ಉಪ್ಪು ತಾನಾಗಿ ನಾಲಗೆಗೆ ಸುದ್ದಿ ಮುಟ್ಟಿಸುತ್ತದೆ.

ಮುರಕಲ್ಲಿನ ನೀರು ಸ್ವಲ್ಪ ಹುಳಿಯ ಗುಣದ್ದು. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರವರೆಗೆ ಇರಬೇಕೆಂದು ಮಾನಕ ಹೇಳಿದರೆ, ಇಲ್ಲಿನ ಬಾವಿಗಳಲ್ಲಿ ಅದು 6ರ ಆಸುಪಾಸಿಗೂ ಇಳಿಯುವುದುಂಟು. ಇದರಿಂದ ದೇಹಕ್ಕೆ ನೇರವಾದ ಹಾನಿ ಇಲ್ಲ. ಆದರೆ ಅದು ಲೋಹದ ಕೊಳಾಯಿಯನ್ನು ಮೆಲ್ಲನೆ ತಿನ್ನುತ್ತದೆ. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರು ಮುಂಜಾನೆ ಕೆಂಪಾಗಿ ಬರುವುದು ಇದರಿಂದಲೇ.

ನಮ್ಮ ಬಾವಿಗೆ ಮಲದ ಸಂಪರ್ಕವಿದೆಯೆ ಎಂದು ಮನೆಯಲ್ಲೇ ಅರಿಯಲು ಒಂದು ಸುಲಭ ಪರೀಕ್ಷೆಯುಂಟು. ಇದನ್ನು 1982ರಲ್ಲಿ ಭಾರತದ ವಿಜ್ಞಾನಿಗಳೇ ರೂಪಿಸಿದರು. ಔಷಧ ಸವರಿದ ಕಾಗದದ ಪಟ್ಟಿಯಿರುವ ಶುದ್ಧವಾದ ಸಣ್ಣ ಸೀಸೆಗೆ ಗುರುತಿನವರೆಗೆ ನೀರು ತುಂಬಿ, ಬೆಚ್ಚನೆಯ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಕರುಳಿನಲ್ಲಿ ವಾಸಿಸುವ ಕೆಲವು ಅಣುಜೀವಿಗಳು ಗಂಧಕದ ಒಂದು ಅನಿಲವನ್ನು ಬಿಡುತ್ತವೆ. ಅವು ಇದ್ದರೆ ನೀರು ಕಪ್ಪಾಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಇಂಥ ಪರೀಕ್ಷೆಗಳ ತರಬೇತಿ ಕೊಡುವ ಏರ್ಪಾಡು ಇದೆ. ವರ್ಷಕ್ಕೆ ಒಮ್ಮೆ ಪರೀಕ್ಷಿಸುವವರು ಬೇಸಗೆಯಲ್ಲಿ ಪರೀಕ್ಷಿಸಿದರೆ ಮೋಸಹೋಗುವ ಸಂಭವ ಹೆಚ್ಚು. ಜುಲೈ ತಿಂಗಳಲ್ಲಿ, ಬಾವಿ ತುಂಬಿದಾಗ ನೋಡಬೇಕು.

ಸೀಸೆ ಕಪ್ಪಾದರೆ, ಬಾವಿಯ ಶುದ್ಧಿಯಾಗುವವರೆಗೆ ಕುದಿಸುವುದೊಂದೇ ನೆಚ್ಚಬಹುದಾದ ದಾರಿ. ನೀರು ಉಕ್ಕಿ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಸಾಕು. ಬಿಸಿ ಮಾಡಿದ ನೀರು ಬೇರೆ, ಕುದಿಸಿದ ನೀರು ಬೇರೆ. ಜೀರಿಗೆ ಅಥವಾ ಲಾವಂಚ ಹಾಕಿದ ಬಿಸಿನೀರು ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು, ಒಳ್ಳೆಯದೂ ಹೌದು. ಆದರೆ ಸಮಾರಂಭಗಳಲ್ಲಿ ಕುದಿದ ನೀರು ಕುಡಿಯಲಾರದಷ್ಟು ಬಿಸಿಯಾಗಿದೆಯೆಂದು ಅದಕ್ಕೆ ಒಂದು ಕೊಡ ತಣ್ಣೀರನ್ನು ಬಾವಿಯಿಂದ ಸೇದಿ ಸುರಿಯುವವರಿದ್ದಾರೆ. ಅಲ್ಲಿಗೆ ಸುಟ್ಟ ಸೌದೆ ವ್ಯರ್ಥವಾಯಿತು. ಆರಿಸಿದ ನೀರಿಗೆ ಕೈ ಅದ್ದಿ ಲೋಟ ಮುಳುಗಿಸುವುದರಿಂದಲೂ ಫಲ ಅದೇ. ಹಿಡಿಯಿರುವ ಸೌಟನ್ನೋ ನಲ್ಲಿಯಿರುವ ಪಾತ್ರೆಯನ್ನೋ ಬಳಸಬೇಕು.